ಎರಡು ಅಂಕದ ನದಿ

ಹನ್ನೊಂದು ದಿನ, ಏಳು ದೇಶ.
ಮೈಸೂರಿನ ಟ್ರಾವೆಲ್ಸ್ ಹುಡುಗ ಕೊಟ್ಟ ಹಾಳೆಯ ಮೇಲೆ
ನೋಡಬೇಕಾದ್ದೆಲ್ಲ ನಂಬರು ಹಚ್ಚಿಕೊಂಡು ನಿಂತಿದೆ,
ಪ್ರಾರ್ಥನೆಗೆ ಸಾಲುಗಟ್ಟಿದ ಮಕ್ಕಳ ಹಾಗೆ.
ಬೇಡದ್ದು ಹೊಡೆದುಹಾಕಿ, ಬೇಕಾದ್ದು ಉಳಿಸಿ,
ನಾಳೆ ಸಂಜೆಯೊಳಗೆ ಹೇಳಿ ಮೇಡಂ, ಅಂದಿದ್ದಾನೆ.

ಮಂಡ್ಯ. ನಮ್ಮ ಮನೆಯ ಊಟದ ಮೇಜು.
ನಸೀಮಾ ಬಾನು ಬಂದು ಕೂತಿದ್ದಾಳೆ,
ಇಪ್ಪತ್ತಾರು ವರ್ಷ ಪಕ್ಕದ ಕೋಣೆಯಲ್ಲಿ ಹಿಂದಿ ಕಲಿಸಿದವಳು,
ನನ್ನ ಡಬ್ಬಿಯ ಉಪ್ಸಾರು ಖಾರಕ್ಕೆ ಕೇಳದೆ ಕೈಹಾಕಿದವಳು.
ಕೆಂಪು ಪೆನ್ನು ತಂದಿದ್ದಾಳೆ. ಅಭ್ಯಾಸ ಬಿಡದು.

"ಗೋಪುರ?"
"ಇರಲಿ. ಫೋಟೋ ಇಲ್ಲದಿದ್ದರೆ ಹೋಗಿದ್ದೇ ಸುಳ್ಳು ಅಂತಾರೆ."
"ಮೇಣದ ಗೊಂಬೆಗಳು?"
"ಅಲುಗಾಡದೆ ಕೂತವರನ್ನ ಸ್ಟಾಫ್ ಮೀಟಿಂಗಲ್ಲಿ ನೋಡಿಲ್ವಾ?"
"ಹಿಮದ ಬೆಟ್ಟ?"
"ಹತ್ತೋ ಮಂಡಿ ನಿಂದೋ ನಂದೋ?"
ಟ್ಯೂಲಿಪ್ ತೋಟಕ್ಕೆ ಮಾತ್ರ ಕೇಳಲಿಲ್ಲ,
ಎರಡು ಸಲ ಅಡಿಗೆರೆ ಎಳೆದಳು.
ಅವಳ ಅಬ್ಬಾ ಪೇಟೆಬೀದಿಯಲ್ಲಿ ಹೂ ಮಾರಿದವರು.
ಮೊಳ ಹಾಕದ ಹೂವನ್ನು ಒಮ್ಮೆ ನೋಡಬೇಕಂತೆ.

ಇನ್ನು ನನ್ನದು.

ನನ್ನ ತಲೆಯೊಳಗೆ ಸ್ಕೂಲಿನ ಭೂಪಟವೊಂದು ನೇತಾಡುತ್ತದೆ.
ಬಿಚ್ಚಿದರೆ ಗೆದ್ದಲ ಮಣ್ಣು ಉದುರುತ್ತಿತ್ತು.
ನಾರ್ವೆಯನ್ನು ಇಲಿ ತಿಂದಿತ್ತು, ಸ್ಪೇನಿನ ಮೇಲೆ ಇಂಕು.
ಇಟಲಿಯ ಬೂಟೊಂದು ನೆಟ್ಟಗಿತ್ತು,
ಬರಿಗಾಲಿನ ಮಕ್ಕಳಿಗೆ ಅದು ಒಂದೇ ಸಲಕ್ಕೆ ಬಾಯಿಪಾಠ.
ಕೋಲಿನ ತುದಿ ಹಿಡಿದು ನಾನು ಆಲ್ಪ್ಸಿನಲ್ಲಿ ಹೊರಟು
ಅರ್ಧ ನಿಮಿಷಕ್ಕೆ ಸಮುದ್ರ ಸೇರುತ್ತಿದ್ದೆ:
ರೈನ್ ನದಿ. ಉದ್ದ ಇಷ್ಟು, ಉಪನದಿ ಇಂತಿಂಥವು,
ಪರೀಕ್ಷೆಗೆ ಎರಡು ಅಂಕ.

ಒಂದು ಮಧ್ಯಾಹ್ನ, ರಸ್ತೆಯಲ್ಲಿ ಕಬ್ಬಿನ ಲಾರಿ ಸಾಲು,
ಕಾಕಂಬಿ ವಾಸನೆ ಕಿಟಕಿ ದಾಟಿ ಬಂದು
ತರಗತಿಯೆಲ್ಲ ತೂಕಡಿಸುವಾಗ
ಎಂಟನೇ ಬಿ ಸೆಕ್ಷನ್ನಿನ ಶಿವನಂಜಿ ಎದ್ದಳು:
"ಮಿಸ್, ಆ ನೀರು ಯಾವ್ ಬಣ್ಣ?"
ನೀಲಿ, ಅಂದೆ. ಭೂಪಟದಲ್ಲಿ ನೀಲಿ ಇತ್ತು.
"ನಮ್ ನಾಲೇನೂ ಪಟದಲ್ಲಿ ನೀಲೀನೇ ಅಲ್ವಾ ಮಿಸ್,
ನೀರ್ ಬುಟ್ಟಾಗ ನೋಡುದ್ರೆ ಟೀ ಇದ್ದಂಗಿರ್ತದೆ."
ಕೂತ್ಕೋ, ಅಂದೆ.
ಕೂತಳು.
ಮುಂದಿನ ಪಾಠ ಡಾನ್ಯೂಬ್.

ಹೋದ ತಿಂಗಳು ಗುತ್ತಲು ರಸ್ತೆಯಲ್ಲಿ ಸಿಕ್ಕಿದ್ದಳು,
ಸ್ವಂತ ಟೈಲರಿಂಗ್ ಅಂಗಡಿ, ಕೊರಳಲ್ಲಿ ಟೇಪು.
ನೆನಪಿದೆಯೇನೇ ಅಂದರೆ ನಕ್ಕಳು:
"ಅಯ್ಯೋ, ನಾನಾ? ನಾನ್ ಕ್ಲಾಸಲ್ಲಿ ಬಾಯೇ ಬುಡ್ತಿರ್ನಿಲ್ವಲ್ಲ ಮಿಸ್!"
ಇರಬಹುದು. ಬೇರೆ ಯಾರೋ ಇರಬಹುದು.
ಮೂವತ್ತೊಂದು ವರ್ಷ; ಎಷ್ಟು ಜಡೆ, ಎಷ್ಟು ರಿಬ್ಬನ್ನು.
ಪ್ರಯಾಣಕ್ಕೆಂದು ಎರಡು ರವಿಕೆಗೆ ಅಳತೆ ತೆಗೆದಳು,
ಪಾಸ್‌ಪೋರ್ಟಿಗೆ ಒಳಜೇಬು ಇಡ್ತೀನಿ, ದುಡ್ಡು ಬೇಡ, ಅಂದಳು.

ಹಾಳೆಯಲ್ಲಿ ಆ ನದಿ ಇಲ್ಲ.
ಬಸ್ಸು ಅದನ್ನು ದಾಟುತ್ತದೆ, ಅಂದ ಹುಡುಗ ಫೋನಿನಲ್ಲಿ,
ಬೆಳಗಿನ ಜಾವ, ಎಲ್ಲರೂ ನಿದ್ದೆಯಲ್ಲಿರುವಾಗ.
"ನಿಂತು ನೋಡೋಕೆ ಅಲ್ಲೇನಿದೆ ಮೇಡಂ?"
ನೀರು, ಅಂದೆ.
"ಬೋಟಿಂಗಾ?"
ಅಲ್ಲಪ್ಪ. ನೀರು.
ಕೆಆರ್‌ಎಸ್ಸಿನಲ್ಲಿ ಇಲ್ಲವೇ ಎಂದುಕೊಂಡಿರಬೇಕು,
ಮರ್ಯಾದೆಗೆ ಕೆಮ್ಮಿದ.

ನಸೀಮಾ ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಎರಡು ಅರಮನೆಗಳನ್ನು ಒಂದೇ ಗೀಟಿಗೆ ಕೆಡವಿದಳು.
ದಸರೆಗೆ ವರ್ಷವರ್ಷ ಮೈಸೂರಿಗೆ ನಡೆದವರಿಗೆ
ಇನ್ಯಾರದೋ ಅರಮನೆ ಯಾಕೆ, ಅಂದಳು.
ಪಕ್ಕದ ಖಾಲಿಯಲ್ಲಿ, ಬೋರ್ಡಿನ ಮೇಲೆ ಬರೆಯುವಂತೆ ದಪ್ಪಗೆ:
ನದಿ. ಅರ್ಧ ದಿನ. ಇಬ್ಬರು.

ಆಮೇಲೆ ಕನ್ನಡಕ ತೆಗೆದು ಕೇಳಿದಳು:
"ಅದೂ ಟೀ ಬಣ್ಣವೇ ಆಗಿದ್ರೆ?"

ಕೊಬ್ಬರಿ ಎಣ್ಣೆಯ ಚಿಕ್ಕ ಬಾಟಲಿಯೊಂದನ್ನು
ಸೀಗೆಪುಡಿ ಹಾಕಿ ತೊಳೆದು
ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ, ಮೂರು ದಿನದಿಂದ.
ವಾಸನೆ ಇನ್ನೂ ಹೋಗಿಲ್ಲ.